ದೇಶಮುಖರ ಪಥ್ಯ, ನನ್ನ ಮುನ್ಷಿಗಿರಿ

ಬೈಸಿಕೊಳ್ಳುವುದೇ ಸಂಬಳದ ಒಂದು ಭಾಗವಾಗಿರುವ ಕಸುಬುಗಳು ಈ ಜಗತ್ತಿನಲ್ಲಿ ಬೇಕಾದಷ್ಟಿವೆ. ಪೊಲೀಸ್ ಪಾಟೀಲನನ್ನು ಊರವರು ಬೈಯುತ್ತಾರೆ, ಹೊಲ ಅಳೆಯಲು ಬಂದವನನ್ನು ಹೊಲದವರು ಬೈಯುತ್ತಾರೆ. ಆದರೆ ಅವರೆಲ್ಲ ಸಂಜೆ ಮನೆಗೆ ಬಂದು, ಬಾಗಿಲು ಮುಂದೆ ಮಾಡಿಕೊಂಡು, ನೆಮ್ಮದಿಯಿಂದ ಉಣ್ಣುತ್ತಾರೆ. ನನಗೆ ಆ ನೆಮ್ಮದಿಯೂ ಇರಲಿಲ್ಲ. ಯಾಕೆಂದರೆ ಉಣ್ಣುವುದೇ ನನ್ನ ಕಸುಬಿನ ವಿಷಯವಾಗಿತ್ತು. ಎದುರಿಗೆ ಕುಳಿತವನ ತಾಟು ನೋಡಿ ‘ಇದು ಬೇಡ, ಅದನ್ನು ತೆಗೆಯಿರಿ’ ಎಂದು ಹೇಳುವುದು. ಹಾಗೆ ಹೇಳಿದ್ದಕ್ಕೆ ಸರಕಾರ ಕೊಟ್ಟ ಸಂಬಳದಲ್ಲಿ ಮನೆಗೆ ಹೋಗಿ ಅದನ್ನೇ ತಾನು ತಿನ್ನುವುದು. ಇದು ಮನುಷ್ಯರು ಮಾಡುವ ಕೆಲಸವೇ ಎಂದು ನನ್ನ ಹೆಂಡತಿ ಶರಣಮ್ಮ ಮೊದಲ ತಿಂಗಳೇ ಕೇಳಿದ್ದಳು. ‘ಮಂದಿ ಬಾಯಾಗಿಂದು ಕಸಗೊಂಡು ಬರೂ ನೌಕರಿ ಯಾವ ಮನ್ಯಾಗ ಉದ್ಧಾರ ಮಾಡ್ತದರಿ?’ ಎಂಬುದು ಅವಳ ಮಾತು. ಅವಳ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಮರುದಿನ ನನ್ನ ತಾಟಿನಲ್ಲೂ ಏನಾದರೊಂದು ಕಡಿಮೆಯಾಗುತ್ತಿತ್ತು.

ನಿಜಾಮ ಸರಕಾರದ ಕಾಲ. ಉರ್ದುವಿನಲ್ಲಿ ಮಿಡ್ಲ್ ಪಾಸಾಗಿ, ಬೀದರಿನಲ್ಲಿ ಯಾವುದಾದರೂ ಕಚೇರಿಯಲ್ಲಿ ಕಾಗದ ನಕಲು ಮಾಡುವ ಕೆಲಸ ಸಿಕ್ಕೀತೇ ಎಂದು ನಾನು ತಿರುಗುತ್ತಿದ್ದ ದಿನಗಳು. ಊರಿನ ಒಂದು ದವಾಖಾನೆಗೆ ಹೈದರಾಬಾದಿನಿಂದ ಹೊಸ ಡಾಕ್ಟರ್ ಸಾಹೇಬರು ಬಂದರು. ವಿಲಾಯತಿಗೆ ಹೋಗಿ ಕಲಿತು ಬಂದವರು, ತೆಳ್ಳಗಿನ ಮನುಷ್ಯ, ಶೇರವಾನಿಯ ಮೇಲೆ ಒಂದು ಚುಕ್ಕೆ ಕಲೆಯನ್ನೂ ಸಹಿಸುತ್ತಿರಲಿಲ್ಲ. ರೋಗಿ ಸಾಯುವುದು ಔಷಧ ಸಾಲದೆ ಅಲ್ಲ, ಊಟ ತಪ್ಪಿ ಎಂಬುದು ಅವರ ಸಿದ್ಧಾಂತ. ಔಷಧ ಕೊಡಲು ಕಂಪೌಂಡರ್ ಇರುವಂತೆ ಊಟ ಹೇಳಲು ಒಬ್ಬನಿರಬೇಕೆಂದು ಅವರು ಮೇಲಿನವರೊಂದಿಗೆ ಹಟ ಹಿಡಿದು ಒಂದು ಹುದ್ದೆ ಹುಟ್ಟಿಸಿದರು. ಅದಕ್ಕೆ ಖುರಾಕ್ ಮುನ್ಷಿ ಎಂಬ ಹೆಸರನ್ನೂ ಅವರೇ ಇಟ್ಟರು. ಖುರಾಕ್ ಎಂದರೆ ಆಹಾರ. ಮುನ್ಷಿ ಎಂದರೆ ನಾನು. ಯಾವ ರೋಗಕ್ಕೆ ಯಾವ ಕಾಳು, ಯಾರಿಗೆ ಹಾಲು, ಯಾರಿಗೆ ಬರೀ ತಿಳಿ, ಎಲ್ಲವನ್ನೂ ಅವರೇ ಕೂಡಿಸಿಕೊಂಡು ಕಲಿಸಿದರು. ನಾನು ಕಲಿತೆ. ಕಲಿತದ್ದು ಸುಳ್ಳಲ್ಲ ಎಂದು ಈಗಲೂ ನಂಬಿದ್ದೇನೆ. ನನ್ನ ದುಃಖವೆಲ್ಲ ಅದೇ.

ಈ ಕಸುಬಿಗೆ ಇಷ್ಟೆಲ್ಲ ಜಾಗಗಳಿವೆ ಎಂದು ಮೊದಲು ನನಗೂ ಗೊತ್ತಿರಲಿಲ್ಲ. ಬೆಳಿಗ್ಗೆ ದವಾಖಾನೆಯಲ್ಲಿ ಮಂಚದಿಂದ ಮಂಚಕ್ಕೆ ತಿರುಗುವುದು. ಜ್ವರದವನಿಗೆ ಅಕ್ಕಿ ಗಂಜಿ ಎಂದರೆ ಅವನ ಅವ್ವ ಸೆರಗಿನಲ್ಲಿ ಮಿರ್ಚಿ ಭಜಿ ಕಟ್ಟಿಕೊಂಡು ಬಂದಿರುತ್ತಿದ್ದಳು. ಕಸಿದುಕೊಂಡರೆ ‘ಸಾಯೂ ಕೂಸಿನ ಬಾಯಾಗಿಂದು ತಗೋತಿ, ನಿನ್ನ ಕೈಗೆ ಹುಳಾ ಬೀಳ್ಲಿ’ ಎಂಬ ಆಶೀರ್ವಾದ. ಕೂಸು ಎಂದರೆ ಮೀಸೆ ಬಂದ ಗಂಡಸು. ಕೆಲವು ದಿನ ಜೈಲಿಗೂ ಹೋಗಬೇಕಾಗುತ್ತಿತ್ತು, ಕೈದಿಗಳ ಒಸಡಿನಿಂದ ರಕ್ತ ಬರುತ್ತಿದೆ ಎಂದು. ಅಲ್ಲಿ ನಿಂಬೆಹಣ್ಣು, ಹಸಿ ಸೊಪ್ಪು ಹೇಳಿದೆ. ಕೊಟ್ಟರು, ತಿಂದರು, ರಕ್ತ ನಿಂತಿತು. ನನ್ನ ಇಡೀ ನೌಕರಿಯಲ್ಲಿ ನಾನು ಹೇಳಿದ್ದನ್ನು ಹೇಳಿದ ಹಾಗೆ ತಿಂದವರು ಅವರಷ್ಟೇ. ಓಡಿಹೋಗಲು ದಾರಿಯಿರಲಿಲ್ಲ. ಬೋರ್ಡಿಂಗಿನಲ್ಲಿ ಓದುವ ಹುಡುಗರ ಊಟ ನೋಡಲು ಕರೆಸಿದ್ದರು. ಅಲ್ಲಿ ಹುಡುಗರ ಪಾಲಿನ ಬೇಳೆ ತೆಳ್ಳಗಿದೆ ಎಂದೆ, ಮತ್ತೆ ಅಲ್ಲಿಂದ ಕರೆ ಬರಲಿಲ್ಲ. ಹೀಗೆ ನಾನು ಕಡಿಮೆ ತಿನ್ನಿ ಎಂದ ಕಡೆ ತಿನ್ನುವವರು ಸಿಟ್ಟಾಗುತ್ತಿದ್ದರು, ಹೆಚ್ಚು ಕೊಡಿ ಎಂದ ಕಡೆ ಕೊಡುವವರು ಸಿಟ್ಟಾಗುತ್ತಿದ್ದರು. ನಡುವೆ ನಿಲ್ಲಲು ಜಾಗವೇ ಇರಲಿಲ್ಲ.

ಆ ಸಮಯಕ್ಕೆ ಭಾಲ್ಕಿ ಕಡೆಯ ದೊಡ್ಡ ಜಮೀನುದಾರರೊಬ್ಬರು, ದೇಶಮುಖರು, ದವಾಖಾನೆಗೆ ಬಂದರು. ದೊಡ್ಡ ಆಳು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗೆ. ಎಲ್ಲರೂ ಅವರನ್ನು ರಾವ್‌ಸಾಹೇಬ ಎನ್ನುತ್ತಿದ್ದರು. ಬಲಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ತಿಂಗಳುಗಟ್ಟಲೆ ಮಾಯದೆ ಹಸಿಯಾಗಿಯೇ ಇತ್ತು. ಡಾಕ್ಟರ್ ಸಾಹೇಬರು ಗಾಯ ನೋಡಲಿಲ್ಲ, ಮೂತ್ರ ತರಿಸಿದರು. ಗಾಜಿನ ನಳಿಗೆಯಲ್ಲಿ ನೀಲಿ ನೀರು ಹಾಕಿ, ಅದರಲ್ಲಿ ನಾಲ್ಕು ಹನಿ ಬಿಟ್ಟು, ದೀಪದ ಮೇಲೆ ಕಾಯಿಸಿದರು. ನೀಲಿ ಇದ್ದದ್ದು ಹಸಿರಾಗಿ, ಹಳದಿಯಾಗಿ, ಕಡೆಗೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಸಕ್ಕರೆ ರೋಗ. ಇದಕ್ಕೆ ಔಷಧವಿಲ್ಲ, ಊಟವೇ ಔಷಧ; ಸಿಹಿ, ಅನ್ನ, ಖೋವಾ ಬಿಡದಿದ್ದರೆ ಬೆರಳು ಹೋಗುತ್ತದೆ, ಬೆರಳಿನ ಹಿಂದೆ ಕಾಲೂ ಹೋಗುತ್ತದೆ ಎಂದು ಸಾಹೇಬರು ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ರಾವ್‌ಸಾಹೇಬರ ನಗೆ ಮೊದಲ ಸಲ ನಿಂತಿತು. ಸಾಹೇಬರು ನನ್ನ ಕಡೆ ತಿರುಗಿ, ಈತ ನಿಮ್ಮ ವಾಡೆಯಲ್ಲೇ ಇದ್ದು ನಿಮ್ಮ ಊಟ ನೋಡಿಕೊಳ್ಳುತ್ತಾನೆ ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಗಾಜಿನ ನಳಿಗೆ, ಸ್ಪಿರಿಟ್ ದೀಪ, ನೀಲಿ ನೀರಿನ ಶೀಷೆ ಒಂದು ಪೆಟ್ಟಿಗೆಯಲ್ಲಿಟ್ಟುಕೊಂಡು ನಾನು ಅವರ ಗಾಡಿಯ ಹಿಂದೆ ಹತ್ತಿದೆ.

ಭಾಲ್ಕಿಯ ವಾಡೆಯಲ್ಲಿ ನನಗೆ ಎದುರಾದವರು ರಾವ್‌ಸಾಹೇಬರ ತಾಯಿ. ಎಲ್ಲರಿಗೂ ಅವರು ಆಯಿ. ಬೆನ್ನು ಬಾಗಿತ್ತು, ಹಲ್ಲು ಹೋಗಿದ್ದವು, ಆದರೆ ಅಡಿಗೆಮನೆಯ ಬೀಗದ ಕೈ ಸೊಂಟದಿಂದ ಇಳಿದಿರಲಿಲ್ಲ. ನಾನು ಬಂದ ಕಾರಣ ಕೇಳಿ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ‘ನನ್ನ ಮಗಗ ಏನ್ ಉಣಸಬೇಕು ಅಂತ ನನಗ ಕಲಸಾಕ ಬಂದಿಯೇನೋ ಮುನ್ಷ್ಯಾ?’ ಎಂದರು. ನಾನು ವಿನಯದಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಬೇಳೆ, ಮಜ್ಜಿಗೆ ಎಂದು ಹೇಳಿದೆ. ‘ಇದು ನಮ್ಮ ಹೊಲದಾಗ ದುಡಿಯೂ ಮಂದಿ ಉಣ್ಣೂದು. ದೇಶಮುಖ ಉಣ್ಣೂದಲ್ಲ’ ಎಂದು ಆಯಿ ತೀರ್ಪು ಕೊಟ್ಟರು. ಅಲ್ಲಿಂದ ಶುರುವಾದ ಯುದ್ಧದಲ್ಲಿ ನಾನು ಒಂದು ದಿನವೂ ಗೆಲ್ಲಲಿಲ್ಲ. ನಾನು ತಾಟಿನಿಂದ ಹೂರಣದ ಹೋಳಿಗೆ ತೆಗೆಸಿದರೆ ಅದು ದೇವರ ಜಗಲಿಯಿಂದ ಪ್ರಸಾದವಾಗಿ ತಿರುಗಿ ಬರುತ್ತಿತ್ತು. ಪ್ರಸಾದ ತಡೆಯಲು ನಾನು ಯಾರು? ಒಂದು ಮಧ್ಯಾಹ್ನ ರಾವ್‌ಸಾಹೇಬರು ನಿದ್ದೆ ಹೋದಂತೆ ಮಲಗಿದ್ದರು. ದಿಂಬಿನ ಮೇಲೆ ಇರುವೆಗಳ ಸಾಲು ಕಂಡು ಎತ್ತಿದರೆ ಕೆಳಗೆ ಖೋವಾದ ಪೇಡೆ. ಅವರು ಒಂದು ಕಣ್ಣು ತೆರೆದು, ‘ಇರಬಿ ತಿನ್ಲಿ ಅಂತ ಇಟ್ಟೇನಿ ಮುನ್ಷೀ. ಪುಣ್ಯ ಬರ್ತದ’ ಎಂದು ಮತ್ತೆ ಮುಚ್ಚಿಕೊಂಡರು.

ಇಷ್ಟಾದರೂ ಒಂದು ಬೆಳಿಗ್ಗೆ ನಳಿಗೆಯಲ್ಲಿ ನೀಲಿ ನೀರು ನೀಲಿಯಾಗಿಯೇ ಉಳಿಯಿತು. ಮರುದಿನವೂ ನೀಲಿ, ಅದರ ಮರುದಿನವೂ ನೀಲಿ. ನನ್ನ ಎದೆ ಉಬ್ಬಿತು. ನನ್ನ ದಿಟ್ಟತನದಿಂದ ದೇಶಮುಖರ ದೇಹ ಶುದ್ಧವಾಗಿದೆ ಎಂದು ಸಾಹೇಬರಿಗೆ ಉರ್ದುವಿನಲ್ಲಿ ನನಗೆ ಗೊತ್ತಿದ್ದ ದೊಡ್ಡ ಶಬ್ದಗಳನ್ನೆಲ್ಲ ಖರ್ಚು ಮಾಡಿ ಬರೆದು ಕಳಿಸಿದೆ. ಗಾಯ ಮಾತ್ರ ಇದ್ದ ಹಾಗೇ ಇತ್ತು, ಸ್ವಲ್ಪ ವಾಸನೆಯೂ ಬರುತ್ತಿತ್ತು. ಇದೇನು ವಿಚಿತ್ರ ಎಂದು ತಲೆ ಕೆರೆದುಕೊಳ್ಳುತ್ತಿರುವಾಗ ವಾಡೆಯ ಗಾಡಿ ಹೊಡೆಯುವ ಮಸ್ತಾನಪ್ಪ ನನ್ನ ಹತ್ತಿರ ಬಂದು ಕೈಕಟ್ಟಿ ನಿಂತ.

‘ಮುನ್ಷೀಜಿ, ಒಂದ್ ಮಾತ್ ಕೇಳ್ಲೇನ್ರಿ? ನನಗೇನರ ರೋಗ ಅದೇನ್ರಿ?’

‘ನಿನಗ್ಯಾಕ ರೋಗ ಬರ್ತದ?’

‘ಅಲ್ರಿ, ದಿನಾ ಮುಂಜಾನಿ ನಂದು ಕುದಿಸಿ ಕುದಿಸಿ ನೋಡ್ಲತೀರಿ. ಏನರ ಇದ್ರ ಹೇಳ್ರಿ, ನಮ್ಮ ಮನ್ಯಾಗ ಸಣ್ಣ ಸಣ್ಣ ಕೂಸುಗಳದಾವ.’

ಅವನಿಗೆ ಯಾವ ರೋಗವೂ ಇಲ್ಲ, ನೂರು ವರ್ಷ ಬಾಳುತ್ತೀಯ ಎಂದು ಹೇಳಿ ಕಳಿಸಿದೆ. ಆಮೇಲೆ ನಳಿಗೆ ತೊಳೆದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ದೇಶಮುಖರ ಹೆಸರಿನಲ್ಲಿ ಗಾಡಿಯವನ ಆರೋಗ್ಯವನ್ನು ಇಷ್ಟು ವೈಭವದಿಂದ ವರದಿ ಮಾಡಿದವನು ನಿಜಾಮರ ಇಡೀ ಮುಲುಕಿನಲ್ಲಿ ನಾನೊಬ್ಬನೇ ಇದ್ದಿರಬೇಕು. ರಾವ್‌ಸಾಹೇಬರನ್ನು ಕೇಳಿದರೆ ಅವರಿಗೆ ನಾಚಿಕೆಯೇ ಇಲ್ಲ. ‘ನಿನಗ ನೀಲಿ ಬಣ್ಣ ಬೇಕಾಗಿತ್ತು, ಕೊಟ್ಟೇನಿ. ಇನ್ನ ಯಾಕ ಮಾರಿ ಸಣ್ಣ ಮಾಡ್ತಿ?’ ಎಂದು ಹೊಟ್ಟೆ ಕುಣಿಸಿ ನಕ್ಕರು. ನನಗೂ ನಗೆ ಬಂದಿತ್ತು. ಆದರೆ ಅವರ ಕಾಲಿಗೆ ಸುತ್ತಿದ ಬಟ್ಟೆಯ ಮೇಲೆ ನೊಣ ಕೂತಿತ್ತು. ಅದನ್ನು ನೋಡಿ ನಗು ಒಳಗೇ ಉಳಿಯಿತು.

ಜೋಳ ಹಾಲುಗಾಳಾಗುವ ಹೊತ್ತಿಗೆ ದೇಶಮುಖರ ಮನೆತನ ಔರಾದ ಕಡೆಯ ಸಂತಪುರಕ್ಕೆ ಹೋಗಿ ಸುಗ್ಗಿ ಮುಗಿಯುವ ತನಕ ಇರುವುದು ಪದ್ಧತಿ. ಅಲ್ಲಿ ಅವರ ಹೊಲಗಳಿದ್ದವು, ಕಲ್ಲಿನ ಹಳೆಯ ಮನೆಯೊಂದಿತ್ತು. ಆಯಿಯೂ ಹೊರಟರು, ನನ್ನ ಕೈಗೆ ಮಗನನ್ನು ಒಪ್ಪಿಸುವುದಿಲ್ಲ ಎಂದು. ಸಂತಪುರದಲ್ಲಿ ನನಗೆ ಹಿತ್ತಲ ಕಡೆಯ ಕೋಣೆ ಕೊಟ್ಟರು. ಗೋಡೆಯ ಆಚೆಗೆ ದೇಶಮುಖರ ಹೊಲ ಮಾಡುವ ಒಂದು ಕುಟುಂಬದ ಮನೆ. ದಿನವಿಡೀ ಅಲ್ಲಿಂದ ಒಂದು ಕೂಸು ಅಳುವುದು ಕೇಳುತ್ತಿತ್ತು. ಅಳು ಎಂದರೆ ಅಳುವೂ ಅಲ್ಲ, ಬೆಕ್ಕಿನ ಮರಿ ಬಾವಿಗೆ ಬಿದ್ದು ಕೂಗಿದ ಹಾಗೆ ಕ್ಷೀಣ. ದವಾಖಾನೆಯಲ್ಲಿ ಅಂಥ ಅಳು ಕೇಳಿ ಗೊತ್ತಿತ್ತು. ಅದು ಹಸಿವಿನ ಅಳು, ಹಸಿವು ಬಹಳ ದಿನದ್ದಾದರೆ ದನಿ ಹಾಗಾಗುತ್ತದೆ. ಆ ಮನೆಯ ಮುದುಕಿ ತಿಪ್ಪಮ್ಮ ನೀರಿಗೆ ಬಂದಾಗ ವಿಚಾರಿಸಿದೆ. ಸೊಸೆ ನೀಲಮ್ಮ ಹಡೆದಿದ್ದಾಳೆ, ಹೆಣ್ಣು ಕೂಸು, ಎದೆಯಲ್ಲಿ ಹಾಲು ಇಳಿಯುತ್ತಿಲ್ಲ ಎಂದಳು. ನನ್ನ ವಿದ್ಯೆ ಥಟ್ಟನೆ ಎದ್ದು ನಿಂತಿತು. ಬಾಣಂತಿಗೆ ಅಳವಿ ಬೀಜದ ಪಾಯಸ ಕೊಡಬೇಕು, ತುಪ್ಪ, ಬೆಲ್ಲ, ಒಣಕೊಬ್ಬರಿ, ದಿನಕ್ಕೆರಡು ಹೊತ್ತು ಹಾಲು ಎಂದು ಸಾಹೇಬರು ಕಲಿಸಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ತಿಪ್ಪಮ್ಮ ಕೊಡ ಕೆಳಗಿಟ್ಟು ಪೂರ್ತಿ ಕೇಳಿದಳು.

‘ಭಾಳ ಛಲೋ ಹೇಳಿದ್ರಿ ಮುನ್ಷೀಜಿ. ಇಷ್ಟೆಲ್ಲಾ ಯಾರ ಮನ್ಯಾಗ ಇರ್ತದ, ಅದೂ ಹೇಳಿಬಿಡ್ರಿ.’

‘ನಿಮ್ಮ ಎಮ್ಮಿ ಅದಲ್ಲಾ?’

‘ಎಮ್ಮಿ ಅದರಿ. ಹಾಲು ಇಲ್ಲೇ ನಿಮ್ಮ ಮನಿಗೇ ಬರ್ತದ. ರಾವ್‌ಸಾಹೇಬ್ರು ಬಂದಾಗೊಮ್ಮೆ ಊರ ಹಾಲೆಲ್ಲಾ ಇಲ್ಲಿಗೇ ಬರ್ತದ. ಮತ್ತ ಹೆಣ್ಣು ಹಡದಾಕಿಗಿ ತುಪ್ಪ ಯಾರ್ ಕೊಡ್ತಾರ್ರಿ, ನಾನೂ ಹಡದೇನಿ, ನನಗ ಯಾರ್ ಕೊಟ್ಟಾರ?’ ಎಂದು ಕೊಡ ಎತ್ತಿಕೊಂಡು ಹೋದಳು.

ಅಡಿಗೆಮನೆಗೆ ಹೋಗಿ ನೋಡಿದೆ. ದೊಡ್ಡ ಕಡಾಯಿಯಲ್ಲಿ ಊರ ಹಾಲು ಕುದಿದು ಖೋವಾ ಆಗುತ್ತಿತ್ತು. ಗೋಡೆಯ ಈಚೆ ಆ ಹಾಲು ಒಬ್ಬನ ಕಾಲು ಕೊಳೆಸುತ್ತಿತ್ತು, ಗೋಡೆಯ ಆಚೆ ಅದಿಲ್ಲದೆ ಒಂದು ಕೂಸು ಒಣಗುತ್ತಿತ್ತು. ಇಬ್ಬರಿಗೂ ಪಥ್ಯ ಹೇಳಬಲ್ಲ ಒಬ್ಬನೇ ಒಬ್ಬ ತಿಳಿದ ಮನುಷ್ಯ ನಡುವಿನ ಕೋಣೆಯಲ್ಲಿ ಗಾಜಿನ ನಳಿಗೆ ತೊಳೆಯುತ್ತಿದ್ದ. ಧೈರ್ಯ ಮಾಡಿ ರಾವ್‌ಸಾಹೇಬರ ಹತ್ತಿರ ಹೋಗಿ, ಆ ಮನೆಯ ಹಾಲನ್ನಾದರೂ ಆ ಮನೆಗೇ ಬಿಡಬೇಕೆಂದು ಕೇಳಿದೆ. ಅವರು ಸೀತನಿ ತಿನ್ನುತ್ತಿದ್ದರು. ಎಳೆಯ ಜೋಳದ ತೆನೆ ಸುಟ್ಟು ಬಡಿದ ಹಸಿರು ಕಾಳು, ಅದರ ಮೇಲೆ ಬೆಲ್ಲದ ಪುಡಿ ಬೇರೆ. ಅಂಗೈಯ ಕಾಳು ಬಾಯಿಗೆ ಎಸೆದುಕೊಂಡು, ‘ನಿನಗ ನನ್ನ ಹೊಟ್ಟಿ ಕಾಯಾಕ ಇಟ್ಟಾರೋ, ಊರ ಮಂದಿ ಹೊಟ್ಟಿ ಕಾಯಾಕ ಇಟ್ಟಾರೋ?’ ಎಂದರು. ಕೆಟ್ಟ ಮನುಷ್ಯರಲ್ಲ. ಹಬ್ಬಕ್ಕೆ ಎಲ್ಲ ಆಳುಗಳಿಗೆ ಬಟ್ಟೆ ಕೊಡುತ್ತಿದ್ದರು. ಆದರೆ ಹಾಲು ಎಲ್ಲಿಂದ ಬರುತ್ತದೆ ಎಂದು ಅವರು ಹುಟ್ಟಿದಾಗಿನಿಂದ ಯೋಚಿಸಿರಲಿಲ್ಲ, ಈಗ ಯೋಚಿಸುವ ಅಗತ್ಯವನ್ನೂ ಕಾಣಲಿಲ್ಲ.

ಆ ಮಧ್ಯಾಹ್ನ ಕೂಸಿನ ದನಿ ನಿಂತೇ ಹೋಯಿತು. ಸತ್ತೇ ಹೋಯಿತೆಂದು ಗೋಡೆಗೆ ಕಿವಿ ಕೊಟ್ಟು ನಿಂತೆ. ಒಳಗಿನಿಂದ ಹೆಣ್ಣುಮಗಳೊಬ್ಬಳು ‘ಕಣ್ ತಗಿ ನನ್ನವ್ವಾ, ಕಣ್ ತಗಿ’ ಎಂದು ಮೆಲ್ಲಗೆ ಅನ್ನುತ್ತಿದ್ದಳು. ಬಾಣಂತಿಯ ಮುಖವನ್ನು ನಾನು ನೋಡಲಿಲ್ಲ, ಪರಗಂಡಸು ನೋಡುವಂತೆಯೂ ಇರಲಿಲ್ಲ. ಆ ದನಿಯೊಂದೇ ಕೇಳಿದ್ದು. ಸ್ವಲ್ಪ ಹೊತ್ತಿಗೆ ಕೂಸು ಮತ್ತೆ ಕ್ಷೀಣವಾಗಿ ಅತ್ತಿತು. ನಾನು ನೇರವಾಗಿ ಆಯಿಯ ಹತ್ತಿರ ಹೋದೆ. ಅವರು ಮಗನ ಕಾಲಿಗೆ ಕಟ್ಟಲು ಕರಿದಾರಕ್ಕೆ ಗಂಟು ಹಾಕುತ್ತಿದ್ದರು. ಆ ದಾರಗಳನ್ನು ನಾನು ವಿಲಾಯತಿ ವಿದ್ಯೆಯ ಹೆಸರಿನಲ್ಲಿ ಎಷ್ಟೋ ಸಲ ಹಾಸ್ಯ ಮಾಡಿದ್ದೆ.

‘ಆಯೀ, ಡಾಕ್ಟರ್ ಸಾಹೇಬ್ರ ವಿದ್ಯಾದಾಗ ಇಲ್ಲದ್ದು ಒಂದ್ ಅದರಿ. ನಮ್ಮ ಅಜ್ಜ ಹೇಳ್ತಿದ್ರು. ಹೇಳ್ಲೋ ಬ್ಯಾಡೋ ಅಂತ ಮಾಡ್ಲತೀನಿ’ ಎಂದೆ.

ಆಯಿಯ ಕೈ ನಿಂತಿತು. ‘ಹೇಳು.’

‘ಮೈಯಾಗಿನ ಸಕ್ರಿ ಹೋಗಬೇಕಾದ್ರ, ರೋಗಿ ಪಾಲಿನ ಹಾಲು, ತುಪ್ಪ, ಬೆಲ್ಲ ದಿನಾ ಒಬ್ಬಾಕಿ ಬಾಣಂತಿಗಿ ಉಡಿ ತುಂಬಬೇಕ್ರಿ. ರೋಗಿ ತಾಯೇ ತನ್ನ ಕೈಲೆ ಕೊಟ್ಟು, ಆಕಿ ಉಣ್ಣೂತನ ಎದುರಿಗೆ ಕೂಡಬೇಕು. ಕೊಟ್ಟದ್ದನ್ನ ರೋಗಿ ಮುಟ್ಟಬಾರದು. ಮುಟ್ಟಿದ್ರ ತಿರುಗಿ ಬರ್ತದ.’

‘ಗಂಡು ಹಡದಾಕಿ ಆದ್ರ ನಡೀತದೇನು? ಪಾಟೀಲನ ಸೊಸಿ ಹಡದಾಳ.’

‘ಇಲ್ರಿ. ಹೆಣ್ಣೇ ಹಡದಿರಬೇಕು. ಗಂಡು ಹಡದಾಕಿಗಿ ಕೊಟ್ರ ದುಪ್ಪಟ್ಟು ಆಗ್ತದಂತ.’

ಇಷ್ಟು ಸುಳ್ಳು ನನ್ನ ಬಾಯಿಂದ ಇಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ. ನನ್ನ ಅಜ್ಜ ಸಕ್ಕರೆ ರೋಗದ ಹೆಸರನ್ನೇ ಕೇಳಿದವರಲ್ಲ. ಆಯಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಕರಿದಾರ ಬದಿಗಿಟ್ಟು, ಸೊಂಟದ ಬೀಗದ ಕೈ ಹಿಡಿದುಕೊಂಡು ಎದ್ದರು. ನಾನು ಅಷ್ಟು ದಿನ ಸತ್ಯ ಹೇಳಿ ಅಲುಗಿಸಲಾಗದಿದ್ದ ಉಗ್ರಾಣದ ಬಾಗಿಲು ಒಂದು ಸುಳ್ಳಿಗೆ ತೆರೆದುಕೊಂಡಿತು.

ಮರುದಿನದಿಂದ ಆಯಿ ಬೆನ್ನು ಬಗ್ಗಿಸಿಕೊಂಡು, ಬುಟ್ಟಿ ಹೊರಿಸಿಕೊಂಡು, ಗೋಡೆಯಾಚೆಗೆ ಹೋಗತೊಡಗಿದರು. ಹಾಲು, ತುಪ್ಪ, ಅಂಟಿನ ಉಂಡೆ, ಅಳವಿ ಪಾಯಸ. ನೀಲಮ್ಮ ಉಣ್ಣುವ ತನಕ ಎದುರಿಗೆ ಕೂಡುವುದು, ತಿಪ್ಪಮ್ಮ ಆಸೆಗಣ್ಣಿನಿಂದ ನೋಡಿದರೆ ಗದರಿಸುವುದು. ಊರ ಹಾಲು ಖೋವಾದ ಕಡಾಯಿಗೆ ಬೀಳುವುದು ನಿಂತಿತು. ರಾವ್‌ಸಾಹೇಬರು ಗೊಣಗಿದರು, ಬೇಡಿದರು, ಒಮ್ಮೆ ತಾಟನ್ನೂ ತಳ್ಳಿದರು. ಆಯಿ ಕದಲಲಿಲ್ಲ. ‘ತಿರುಗಿ ಬರ್ತದ’ ಎಂಬ ಒಂದು ಮಾತಿನಿಂದ ಆ ದೊಡ್ಡ ಮನುಷ್ಯ ಮಗುವಿನಂತೆ ಹೆದರಿ ರೊಟ್ಟಿ ಪುಂಡಿಪಲ್ಯಕ್ಕೆ ಕೈ ಹಾಕಿದರು. ನಾನು ಈ ಸಲ ಪಾತ್ರೆ ಹಿಡಿದು ಎದುರಿಗೇ ನಿಂತು ಪರೀಕ್ಷೆ ಮಾಡಿದೆ. ಇಟ್ಟಂಗಿ ಬಣ್ಣ ಹಳದಿಗೆ ಬಂತು, ಹಸಿರಿಗೆ ಬಂತು, ಸುಗ್ಗಿಯ ನಡುವೆ ಒಂದು ಬೆಳಿಗ್ಗೆ ನಿಜವಾದ ನೀಲಿ ಉಳಿಯಿತು. ಗಾಯ ಅಂಚಿನಿಂದ ಒಣಗುತ್ತ ಬಂತು. ಗೋಡೆಯಾಚೆಯ ಕೂಸು ಈಗ ಊರೆಲ್ಲ ಕೇಳುವಂತೆ ಅಳುತ್ತಿತ್ತು. ಅದರ ಗದ್ದಲಕ್ಕೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ ಎಂದು ರಾವ್‌ಸಾಹೇಬರು ದೂರಿದರು. ನನ್ನ ಬದುಕಿನಲ್ಲಿ ನಾನು ಕೇಳಿದ ಅತ್ಯಂತ ಸವಿಯಾದ ದೂರು ಅದು.

ಇಲ್ಲಿಗೆ ಕಥೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈಗಲೂ ಪೆಟ್ಟಿಗೆ ಹಿಡಿದುಕೊಂಡು ಯಾವುದೋ ವಾಡೆಯಲ್ಲಿ ಇರುತ್ತಿದ್ದೆ. ಗಾಯ ಮಾಯ್ದ ಸಂತೋಷಕ್ಕೆ ಆಯಿ ಊರಿಗೆಲ್ಲ ಊಟ ಹಾಕಿಸಿದರು. ಹೂರಣದ ಹೋಳಿಗೆಯ ಗುಡ್ಡ, ಮೇಲೆ ತುಪ್ಪದ ಧಾರೆ. ರಾವ್‌ಸಾಹೇಬರ ತಾಟಿನಲ್ಲಿ ಹೋಳಿಗೆ ಕಂಡು ನಾನು ಓಡಿಹೋಗಿ ತಡೆದೆ. ಅವರು ನನ್ನ ಕೈಯನ್ನು ಸಮಾಧಾನದಿಂದ ಸರಿಸಿ, ‘ಯಾಕ ಹೆದರ್ತಿ ಮುನ್ಷೀ? ಆ ಬಾಣಂತಿ ದಿನಾ ಉಣ್ಣಲತಾಳಲ್ಲಾ. ನಂದೆಲ್ಲಾ ಸಕ್ರಿ ಆಕಿ ಕಡಿ ಹೋಗ್ತದ. ನಾ ಎಷ್ಟ್ ತಿಂದ್ರೂ ಅಷ್ಟೇ ಈಗ’ ಎಂದರು. ನಾನು ಕಟ್ಟಿದ ಸುಳ್ಳು ನನ್ನ ಅಪ್ಪಣೆ ಕೇಳದೆ ತಾನೇ ಬೆಳೆದು ನಿಂತಿತ್ತು. ಕೊಟ್ಟದ್ದನ್ನು ಮುಟ್ಟಬಾರದು ಎಂಬ ಅರ್ಧವನ್ನು ಅವರು ಮರೆತಿದ್ದರು, ಕೊಟ್ಟರೆ ಸಾಕು ಎಂಬ ಅರ್ಧ ಉಳಿದಿತ್ತು.

ಆಯಿಯ ಹತ್ತಿರ ಹೋಗಿ ನಿಜ ಹೇಳಿದೆ. ಅಜ್ಜ ಏನೂ ಹೇಳಿರಲಿಲ್ಲ, ಆ ಕೂಸಿಗಾಗಿ ನಾನೇ ಹುಟ್ಟಿಸಿದ ಮಾತು, ಮಗ ಸಿಹಿ ಬಿಟ್ಟದ್ದರಿಂದ ಗಾಯ ಮಾಯಿತು, ತಿಂದರೆ ಕಾಲು ಹೋಗುತ್ತದೆ ಎಂದೆ. ಆಯಿ ಕೇಳಿಸಿಕೊಂಡು ಕರುಣೆಯಿಂದ ನಕ್ಕರು.

‘ಹುಚ್ಚಪ್ಪಾ, ಇಷ್ಟ್ ದೊಡ್ಡ ಮಾತು ನಿನ್ನ ತಲ್ಯಾಗ ಹ್ಯಾಂಗ ಹುಟ್ತದ? ಅದು ನಿಮ್ಮ ಅಜ್ಜ ಹೇಳಿದ್ದೇ ಖರೇ. ಪುಣ್ಯಾತ್ಮ. ನಿನ್ನ ವಿದ್ಯಾಕ್ಕ ಹೆಸರು ಬರಲಿಲ್ಲಂತ ನಿನಗ ಹೊಟ್ಟಿಕಿಚ್ಚು.’

ಮಾರನೆಯ ದಿನವೇ ನನಗೆ ಗಾಡಿ ಕಟ್ಟಿಸಿದರು. ಕಾಲು ವಾಸಿಯಾಗಿದೆ, ಇನ್ನು ಮುನ್ಷಿಯ ಅಗತ್ಯವೇನು ಎಂದು. ಹೊರಡುವಾಗ ಆಯಿ ಒಂದು ಮಾತು ಮಾತ್ರ ಚೆನ್ನಾಗಿ ಹೇಳಿದರು: ಕೂಸು ಎದೆಹಾಲು ಬಿಡುವ ತನಕ ನೀಲಮ್ಮನ ಎಮ್ಮೆಯ ಹಾಲು ನೀಲಮ್ಮನ ಮನೆಯಲ್ಲೇ ಇರಲಿ ಎಂದು ಹೊಲಮನೆ ನೋಡಿಕೊಳ್ಳುವ ಕಾರಭಾರಿಗೆ ತಾಕೀತು ಮಾಡಿದ್ದಾರಂತೆ. ಗಾಡಿಯಲ್ಲಿ ಕುಳಿತು ನಾನು ಆ ಒಂದು ಮಾತನ್ನೇ ಮೆಲುಕು ಹಾಕುತ್ತ ಬೀದರಿಗೆ ಬಂದೆ. ಡಾಕ್ಟರ್ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ವಿಜ್ಞಾನದಲ್ಲಿ ಇದಕ್ಕೆ ಹೆಸರಿಲ್ಲ ಎಂದಷ್ಟೇ ಅಂದರು. ಬೈದರೋ ಹೊಗಳಿದರೋ ನನಗೆ ಇಂದಿಗೂ ತಿಳಿದಿಲ್ಲ. ದೇಶಮುಖರಿಗೆ ಅವರು ಎರಡು ಸಲ ಹೇಳಿಕಳಿಸಿದರು. ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ರಾವ್‌ಸಾಹೇಬರನ್ನು ಮಲಗಿಸಿಕೊಂಡು ಹೈದರಾಬಾದಿಗೆ ಒಯ್ದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಜೀವ ಉಳಿಯಿತು. ಭಾಲ್ಕಿಗೆ ತಿರುಗಿ ಬಂದ ಮೇಲೆ ಇದಕ್ಕೆಲ್ಲ ಕಾರಣವೇನು ಎಂದು ವಾಡೆಯಲ್ಲಿ ಚರ್ಚೆಯಾಯಿತು. ಹೋಳಿಗೆ ಎಂದು ಯಾರೂ ಹೇಳಲಿಲ್ಲ. ಮುನ್ಷಿ ತಿಂಗಳುಗಟ್ಟಲೆ ಬರೀ ಸೊಪ್ಪು ತಿನ್ನಿಸಿ ಕಾಲಿನ ರಕ್ತ ಒಣಗಿಸಿದ, ಆ ಬಾಣಂತಿಯ ಪುಣ್ಯದಿಂದ ಜೀವವಾದರೂ ಉಳಿಯಿತು ಎಂದು ತೀರ್ಮಾನವಾಗಿ, ಆ ತೀರ್ಮಾನ ಮೇಲಿನವರ ತನಕ ಹೋಯಿತು. ಅಷ್ಟರಲ್ಲಿ ಡಾಕ್ಟರ್ ಸಾಹೇಬರಿಗೆ ವರ್ಗವಾಗಿತ್ತು. ಹೊಸದಾಗಿ ಬಂದವರು ಗಟ್ಟಿ ಆಳು. ರೋಗಿಯ ಊಟ ಅವನ ಮನೆಯವರ ಚಿಂತೆ, ಅದಕ್ಕೊಬ್ಬ ಮುನ್ಷಿ ಯಾಕೆ ಎಂದು ಕೇಳಿದರು. ಉತ್ತರ ನನ್ನ ಹತ್ತಿರವಿತ್ತು, ಆದರೆ ಅವರು ನನ್ನನ್ನು ಕೇಳಿರಲಿಲ್ಲ. ಹುದ್ದೆ ಹೋಯಿತು. ಶರಣಮ್ಮ ಮಾತ್ರ ಆ ದಿನ ಬಿಸಿ ರೊಟ್ಟಿ ಬಡಿದು ಹಾಕಿದಳು. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಹೊಟ್ಟೆಪಾಡಿಗೆ ನಾನು ಬೀದರಿನ ಗಂಜ್ ಮಾರುಕಟ್ಟೆಯಲ್ಲಿ ಒಬ್ಬ ಸೇಠರ ಅಂಗಡಿ ಸೇರಿದೆ. ಬೆಲ್ಲದ ಅಂಗಡಿ. ಸಕ್ಕರೆ ರೋಗದ ವಿದ್ಯೆ ಕಲಿತವನು ಇಡೀ ದಿನ ಬೆಲ್ಲದ ಪೆಂಟೆ ಒಡೆದು ತೂಗುವುದನ್ನು ನೋಡಿ ನಗುವ ದೇವರು ಯಾರಾದರೂ ಇದ್ದರೆ ಅವನು ನಕ್ಕಿರಬೇಕು. ವರ್ಷಗಳು ಹೋದವು. ಒಂದು ದಿನ ಹಬ್ಬದ ಮುಂದೆ ಒಬ್ಬ ಹೆಣ್ಣುಮಗಳು ಬೆಲ್ಲಕ್ಕೆ ಬಂದಳು, ಜೊತೆಗೆ ಲಂಗ ಪೋಲಕ ತೊಟ್ಟ, ಗುಂಡುಗುಂಡಾದ ಒಂದು ಹುಡುಗಿ. ಯಾವ ಊರು ಎಂದೆ. ಸಂತಪುರ ಎಂದಳು. ಯಾರ ಪೈಕಿ ಎಂದೆ. ತಿಪ್ಪಮ್ಮನ ಸೊಸೆ ಎಂದಳು. ತಕ್ಕಡಿ ಕೆಳಗಿಟ್ಟೆ.

‘ಈಕಿ ನಿನ್ನ ಮಗಳೇನವ್ವಾ?’

‘ಹೂಂ ರಿ. ಉಳಿಯೂ ಕೂಸಲ್ರಿ ಇದು. ದೇಶಮುಖರ ಆಯಿ ದೇವರಂಗ ಬಂದು ಉಣಸಿದ್ರು, ಉಳೀತು. ಅವರ ಹೆಸರೇ ಇಟ್ಟೇವ್ರಿ.’

‘ಅವರ ಮನ್ಯಾಗ ಆಗ ಯಾರೋ ಒಬ್ಬ ಮುನ್ಷಿ ಇದ್ದನಂತಲ್ಲಾ?’ ನನ್ನ ಬಾಯಿ ತಡೆಯಲಿಲ್ಲ.

‘ಇದ್ದ ನೋಡ್ರಿ ಒಬ್ಬ ಹಾಳು ಮನಶ್ಯಾ! ನಾ ಮಾರಿ ನೋಡಿಲ್ಲ, ನೋಡೂದೂ ಬ್ಯಾಡ. ರಾವ್‌ಸಾಹೇಬ್ರಿಗೆ ಉಪಾಸ ಕೆಡವಿ ಕಾಲೇ ಕಳದ. ಊರ ಮಂದಿ ಇನ್ನೂ ಬೈತಾರ. ಅಂಥಾವರ ನೆಳ್ಳು ಕೂಸಿನ ಮ್ಯಾಲ ಬೀಳಬಾರದ್ರಿ.’

ನನ್ನ ನೆರಳು ಆ ಹೊತ್ತಿಗೆ ಹುಡುಗಿಯ ಮೇಲೆಯೇ ಇತ್ತು. ಮೆಲ್ಲಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ‘ಹೌದವ್ವಾ, ಅಂಥಾವರೂ ಇರ್ತಾರ’ ಎಂದೆ. ಆಮೇಲೆ ಹಳೆಯ ಚಟ, ‘ಹುಡುಗಿಗಿ ಹಾಲು ಕೊಡ್ತೀಯಲ್ಲಾ? ಸೊಪ್ಪು ತಿಂತಾಳೇನು?’ ಎಂದು ಕೇಳಿಬಿಟ್ಟೆ. ನೀಲಮ್ಮ ನನ್ನನ್ನು ವಿಚಿತ್ರವಾಗಿ ನೋಡಿ, ‘ನಾ ಬೆಲ್ಲಕ್ಕ ಬಂದೇನ್ರಿ ಸಾವಕಾರ್ರ. ಬೆಲ್ಲ ತೂಗ್ರಿ’ ಎಂದಳು.

ತೂಗಿದೆ. ತೂಕವಾದ ಮೇಲೆ ಒಂದು ದಪ್ಪ ತುಂಡನ್ನು ಸುಮ್ಮನೆ ಗಂಟಿನೊಳಗೆ ಹಾಕಿದೆ. ಅವರಿಬ್ಬರೂ ಗಂಜಿನ ಗದ್ದಲದಲ್ಲಿ ಕರಗಿಹೋದರು. ಗಾದಿಯ ಮೇಲೆ ಕುಳಿತಿದ್ದ ಸೇಠರು ಎಲ್ಲವನ್ನೂ ನೋಡಿದ್ದರು.

‘ಯಾಕೋ, ಪುಕ್ಕಟೆ ಹಂಚಲತಿ? ನೀ ಏನ್ ಸರಕಾರಿ ದವಾಖಾನ್ಯಾಗ ನೌಕರಿ ಮಾಡ್ಲತೇನಿ ಅಂತ ತಿಳಕೊಂಡಿಯೇನು?’

‘ಇಲ್ರಿ’ ಎಂದೆ.